ಇಂದುಕಲಾ ಹೇಳಿದ ಶಾಸ್ತ್ರ

ಮನೆಯವರು ಏನೇ ಅನ್ನಲಿ, ಇಂದುಕಲಾ ಹಟ ಹಿಡಿದು ರಾಜ್ಯಶಾಸ್ತ್ರವನ್ನೇ ಓದಿದಳು. ಅದರಲ್ಲೇ ಬದುಕಬೇಕೆಂದು ಊರಿನ ಕಾಲೇಜಿಗೆ ಸಂದರ್ಶನಕ್ಕೂ ಹೋದಳು. ಕಾಲೇಜಿನ ಅಧ್ಯಕ್ಷ ಮರಿಸ್ವಾಮಪ್ಪನವರು ಆ ಸಲ ಚುನಾವಣೆಗೆ ನಿಂತಿದ್ದರು. ಅಕ್ಕಪಕ್ಕದಲ್ಲಿ ಆಡಳಿತ ಮಂಡಳಿಯವರು ಹಲ್ಲುಗಿಂಜುತ್ತ ಕೂತಿದ್ದರು.

“ಶಾಸ್ತ್ರ ಓದಿದ್ದೀಯಲ್ಲವ್ವ, ಒಂದು ಶಾಸ್ತ್ರ ಹೇಳು. ನಾನು ಗೆಲ್ತೀನೋ, ಸೋಲ್ತೀನೋ?”

“ಇದು ಕಣಿ ಹೇಳೋ ಶಾಸ್ತ್ರ ಅಲ್ಲ ಸಾರ್.”

“ಹೇಳಿದ್ರೆ ಕೆಲಸ. ಇಲ್ದಿದ್ರೆ ಬಾಗಿಲು ಅಲ್ಲೈತೆ.”

ಇಂದುಕಲಾ ಕೂತಲ್ಲಿಂದ ಏಳಲಿಲ್ಲ. “ಹಂಗಾದ್ರೆ, ಅಧ್ಯಕ್ಷರಿಗೆ ಓಟು ಹಾಕೋರು ಕೈ ಎತ್ತಿ” ಎಂದಳು.

ಮಂಡಳಿಯವರು ಎರಡೆರಡು ಕೈ ಎತ್ತಿದರು. ಅಧ್ಯಕ್ಷರ ಮುಖ ಊರಗಲವಾಯಿತು.

“ಈಗ ಅದನ್ನೇ ಗುಟ್ಟಾಗಿ ಚೀಟೀಲಿ ಬರೀರಿ. ನಿಮ್ಮ ಹೆಸರು ಬೇಡ.”

ಎಲ್ಲರೂ ಅಂಗೈ ಮರೆಮಾಡಿಕೊಂಡು ಬರೆದರು. ಚೀಟಿಗಳನ್ನು ಅಧ್ಯಕ್ಷರ ಟೋಪಿಯೊಳಗೇ ಹಾಕಿಸಿ, ಅವರ ಮುಂದಿಟ್ಟಳು.

“ಬಿಚ್ಚಿ ಓದಿ ಸಾರ್.”

ಒಬ್ಬರಿಗೆ ಕೆಮ್ಮು ಬಂತು. ಇನ್ನೊಬ್ಬರು ನೀರು ಕೇಳಿದರು. ಖಜಾಂಚಿ, ಅಂದರೆ ಅಧ್ಯಕ್ಷರ ಸ್ವಂತ ಭಾಮೈದ, ಟೋಪಿಯನ್ನೇ ಎತ್ತಿ ಎದೆಗವಚಿಕೊಂಡ. “ಬ್ಯಾಡಿ ಭಾವ! ಹುಡುಗಾಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀರಿ?”

ಅಧ್ಯಕ್ಷರು ಭಾಮೈದನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಟೋಪಿ ಕಿತ್ತುಕೊಂಡು, ಚೀಟಿಗಳ ಸಮೇತ ತಲೆಗೆ ಒತ್ತಿಕೊಂಡರು.

“ಕೆಲಸ ನಿಂದೇ ಕಣವ್ವ. ಈ ಶಾಸ್ತ್ರ ಮಾತ್ರ ಊರೋರಿಗೆ ಕಲಿಸಬ್ಯಾಡ!”

“ಊರೋರಿಂದಲೇ ಕಲ್ತಿದ್ದು ಸಾರ್” ಎಂದಳು ಇಂದುಕಲಾ.