ಚೆನ್ನಾಜಮ್ಮ ಮುಡಿದ ಒಂದೇ ಹೂ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಕೇಳಿದರೆ ಅದು ಎದ್ದು ಬೇರೆ ಕಡೆ ಹೋಗಿಬಿಡುತ್ತದೆ, ಒಬ್ಬ ರಾಜನಿದ್ದ. ಅವನಿಗೆ ಎಲ್ಲವೂ ಒಂದೊಂದೇ ಇರಬೇಕು. ಅರಮನೆಗೆ ಒಂದು ಬಾಗಿಲು, ಬಾಗಿಲಿಗೆ ಒಂದು ಕದ. ಮೀಸೆಯೂ ಒಂದೇ, ಎಡಗಡೆಯದ್ದು. ಹೂ ಮುಡಿದರೂ ಒಂದೇ ಮುಡಿಯಬೇಕು. ಎರಡಾದರೆ ಕೂದಲು ಕತ್ತರಿಸಿ ಅಂತ ಅಪ್ಪಣೆ.

ಹೂ ಮಾರುವ ಚೆನ್ನಾಜಮ್ಮನಿಗೆ ಮೊಣಕಾಲಿನವರೆಗೆ ಜಡೆ. ಜಡೆ ಅಂದರೆ ಅವಳಿಗೆ ಜೀವ. ಹೆದರಿ ಹೆದರಿ ಒಂದೇ ಒಂದು ಬಿಳಿ ಡೇಸಿ ಹೂ ಮುಡಿದು ಹೊರಟಳು.

ಕಾವಲುಗಾರ ಅಡ್ಡ ಬಂದ. "ಎಷ್ಟು ಹೂವಮ್ಮ?"

"ಒಂದೇ ಕಣಪ್ಪ."

"ಸುಳ್ಳು ಯಾಕೆ ತಾಯಿ?" ಅಂತು ಹೂವು. "ನಾವು ಮುನ್ನೂರ ಹನ್ನೆರಡು ಮಂದಿ ಇದ್ದೀವಿ."

ಸತ್ಯ ಹೇಳುವ ಹೂವನ್ನು ಮುಡಿಯಲೇಬಾರದು, ನೋಡಿ. ಚೆನ್ನಾಜಮ್ಮನನ್ನು ರಾಜನ ಮುಂದೆ ನಿಲ್ಲಿಸಿದರು. ಕತ್ತರಿಗೂ ಒಂದೇ ಅಲಗು, ಹಾಗಾಗಿ ಕುಡುಗೋಲು ಬಂತು.

"ಒಂದು ಸಲ ನೀವೇ ನೋಡಿ ಬುದ್ಧಿ," ಅಂತ ಚೆನ್ನಾಜಮ್ಮ ಅತ್ತಳು.

ರಾಜ ಹೂವಿಗೆ ಕಣ್ಣು ತಾಗಿಸಿದ. ಅಬ್ಬಬ್ಬಾ! ನಡುವಿನ ಹಳದಿಯೆಲ್ಲ ಹೂವೇ. ಸಾಸಿವೆಗಿಂತ ಸಣ್ಣ ಹೂ, ಒಂದೊಂದಕ್ಕೂ ಐದೈದು ಎಸಳು. ಸುತ್ತಲಿನ ಬಿಳಿ ಎಸಳೂ ಬರೀ ಎಸಳಲ್ಲ, ಒಂದೊಂದೂ ಒಂದು ಹೂ. ಸೆರಗು ಬೀಸಿ ಜೇನನ್ನು ಕರೆಯುತ್ತಿದ್ದವು.

"ನಿಮ್ಮ ವಂಶವೇ ಹೀಗಾ?"

"ನೆಂಟರೆಲ್ಲ ಹೀಗೇ. ಸೇವಂತಿಗೆ ಅಕ್ಕ, ಚೆಂಡುಹೂ ಚಿಕ್ಕಮ್ಮ, ಬೇಲಿ ಪಕ್ಕದ ಹೆಸರಿಲ್ಲದ ತಮ್ಮ, ಒಬ್ಬೊಬ್ಬರದೂ ಒಂದೊಂದು ಊರು. ನಿಮ್ಮ ಕಿರೀಟದಲ್ಲಿರುವ ಸೂರ್ಯಕಾಂತಿ ನಮ್ಮ ದೊಡ್ಡಮ್ಮ."

"ಸಾವಿರದ ಐನೂರು ಮಂದಿ ಇದ್ದೀವಿ ಮಗಾ," ಅಂದಳು ದೊಡ್ಡಮ್ಮ ಕಿರೀಟದಿಂದ.

ಕುಡುಗೋಲು ತಾನಾಗಿ ರಾಜನ ಕಡೆ ತಿರುಗಿತು. ಅವನಿಗೆ ತಲೆಯಲ್ಲಿ ಕೂದಲಿಲ್ಲ. ಇದ್ದದ್ದು ಅರ್ಧ ಮೀಸೆ, ಅದನ್ನು ಕೈಯಿಂದ ಮುಚ್ಚಿಕೊಂಡ. ಕಣ್ಣು ಮಾತ್ರ ಹೂವಿನಲ್ಲೇ ಇತ್ತು.

"ಇಷ್ಟು ಜನ ಒಂದೇ ತೊಟ್ಟಿನ ಮೇಲೆ, ಜಗಳವಿಲ್ಲದೆ ಹೇಗಿದ್ದೀರಿ?"

"ಅಂಚಿನವರು ಮೊದಲು ಅರಳುತ್ತೇವೆ. ನಡುವಿನವರು ಸರದಿ ಕಾಯುತ್ತಾರೆ. ಅಷ್ಟೇ."

ರಾಜನ ಕಣ್ಣು ತುಂಬಿ ಬಂತು. ಅವನ ರಾಜ್ಯದಲ್ಲಿ ಅಷ್ಟು ಚಂದದ ಊರು ಒಂದೂ ಇರಲಿಲ್ಲ. ಕಿರೀಟ ತೆಗೆದಿಟ್ಟು ಕೈಮುಗಿದ. "ಹೋಗಿ ಬಾ ತಾಯಿ. ಊರನ್ನೇ ಮುಡಿದವಳ ಜಡೆ ಮುಟ್ಟಲಿಕ್ಕೆ ನಾನ್ಯಾರು?"

ಚೆನ್ನಾಜಮ್ಮ ಜಡೆಯನ್ನು ಎದೆಗೊತ್ತಿಕೊಂಡು, ಊರು ಅಲ್ಲಾಡದ ಹಾಗೆ, ಮೆಲ್ಲಗೆ ಮನೆಗೆ ಹೋದಳು. ಮಾರನೆಯ ದಿನ ರಾಜನ ಬಲಗಡೆ ಮೀಸೆ ಚಿಗುರಿತು. ಪಾಪ, ಅದೂ ಇಷ್ಟು ದಿನ ಸರದಿ ಕಾಯುತ್ತಿತ್ತಂತೆ.

ನೀತಿ ಏನಪ್ಪಾ ಅಂದರೆ, ಒಂದೇ ಹೂ ಮುಡಿದವರು ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ನಿಲ್ಲಿ. ಬರುತ್ತಿರುವುದು ಮೆರವಣಿಗೆ.