ಎತ್ತಿನ ಚರ್ಮದ ಮೆಟ್ಟು

ಬಡಗಲ ಕಡಲಾಚೆ, ವರ್ಷದಲ್ಲಿ ಆರು ತಿಂಗಳು ಮಂಜು ಬೀಳೋ ಒಂದು ರಾಜ್ಯ ಇತ್ತಂತೆ. ಅದಕ್ಕೆ ಹಾಲ್ವಾರ್ಡ ಅಂತ ರಾಜ. ರಾಣಿ ಹೊಟ್ಟೇಲಿ ಮೂರು ಗಂಡುಮಕ್ಕಳು. ಅರಮನೇಲಿ ಹಿಟ್ಟು ಬೀಸೋ ಜೀತದ ಹೆಂಗಸು ರಾಗ್ನಾ, ಅವಳ ಹೊಟ್ಟೇಲೂ ಒಬ್ಬ, ಅಸ್ಲಾಕ. ಹುಟ್ಟಿಸಿದ್ದು ರಾಜನೇ. ಆದ್ರೆ ಎದುರಿಗೆ ಸಿಕ್ಕಿದ್ರೆ ಮುಖ ತಿರುಗಿಸ್ಕೊಂಡು ಹೋಗೋನಂತೆ, ಮಹಾನುಭಾವ! ಅವ್ವ ಬೀಸ್ತಾ ಇದ್ಲು, ಮಗ ದೋಣಿ ಕಟ್ತಾ ಇದ್ದ.

ಹಿಂಗಿರ್ತಾ, ಹಿರಿಯೋನ್ನ ಕಡಲು ನುಂಗ್ತು, ನಡುವಿನೋನು ಯುದ್ಧದಲ್ಲಿ ಬಿದ್ದ, ಕಿರಿಯೋನು ಜ್ವರದಲ್ಲಿ ಹೋದ. ಇನ್ನು ಗದ್ದುಗೆ ದಾಯಾದಿ ಪಾಲು. ಆಗ ನೆನಪಾದ ನೋಡಿ ಅಸ್ಲಾಕ!

ಆ ಸೀಮೇಲಿ ಒಂದು ಪದ್ಧತಿ. ಮದುವೆ ಇಲ್ಲದೆ ಹುಟ್ಟಿದ ಮಗನ್ನ ಕುಲಕ್ಕೆ ಸೇರಿಸ್ಕೋಬೇಕಾದ್ರೆ, ಮೂರು ವರ್ಷದ ಎತ್ತಿನ ಚರ್ಮದಲ್ಲಿ ಒಂದು ಮೆಟ್ಟು ಹೊಲಿಸಬೇಕು. ಅಪ್ಪ ಅದರಲ್ಲಿ ಕಾಲಿಟ್ಟು ತೆಗೀಬೇಕು, ಹಿಂದೇನೇ ಮಗ ಇಡಬೇಕು. ಕಾಲಿಟ್ಟೋರು ಆ ಮನೆಯೋರು, ಅವರನ್ನ ಯಾರೂ ಜೀತಕ್ಕೆ ಇಟ್ಕೊಳ್ಳಂಗಿಲ್ಲ.

ಊರೆಲ್ಲ ಸೇರ್ತು. ರಾಜ ಕಾಲಿಟ್ಟು ತೆಗೆದು, "ಬಾ ಮಗನೆ" ಅಂದ.

"ಮೊದಲು ನಮ್ಮವ್ವ ಇಡ್ಲಿ" ಅಂದನಂತೆ ಅಸ್ಲಾಕ. "ನಾನು ಗದ್ದುಗೆ ಮೇಲೆ, ನಮ್ಮವ್ವ ಬೀಸೋಕಲ್ಲಿನ ಮುಂದೆ? ಆಗಾಕಿಲ್ಲ."

"ಸುಮ್ನಿರೋ, ನಿನ್ನ ದಮ್ಮಯ್ಯ" ಅಂತ ರಾಗ್ನಾ ಅವನ ತೋಳು ಹಿಡಿದಳು.

ರಾಜ ಕೆಂಡಾಮಂಡಲ ಆದ. "ಜೀತದೋಳು ನನ್ನ ಕುಲಕ್ಕಾ? ನಿನ್ನ ತಲೆ ತೆಗೆಸ್ತೀನಿ!"

ಅಸ್ಲಾಕ ನಿಂತ ಜಾಗ ಬಿಡಲಿಲ್ಲ.

"ತೆಗೆಸು ದೊರೆ. ಆಮೇಲೆ ನಿನ್ನನ್ನ ಅಪ್ಪಾ ಅನ್ನೋಕೆ ಯಾರಿದ್ದಾರೆ?"

ರಾಜ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೂರು ಮಕ್ಕಳ ಮೂರು ಪೀಠಾನೂ ಖಾಲಿ. ಕೊನೆಗೆ ತಾನೇ ಬಗ್ಗಿ, ಮೆಟ್ಟನ್ನ ರಾಗ್ನಾಳ ಕಡೆಗೆ ಸರಿಸಿದನಂತೆ.

ರಾಗ್ನಾ ಹಿಟ್ಟು ಮೆತ್ತಿದ ಕಾಲನ್ನೇ ಇಟ್ಟಳು. "ನಿನ್ನ ಹೆಂಡ್ತಿ ಆಗೋಕಲ್ಲ ಇಟ್ಟಿದ್ದು, ತಿಳ್ಕೋ. ಇನ್ಮೇಲೆ ನಿನ್ನ ಹಿಟ್ಟು ನೀನೇ ಬೀಸ್ಕೋ" ಅಂದಳು. ಜನ ಹೋ ಅಂತ ನಕ್ಕರಂತೆ. ಆಮೇಲೆ ಅಸ್ಲಾಕ ಇಟ್ಟ.

ಅಲ್ಲಿ ಹೆಸರು ಹೇಳೋವಾಗ ಅಪ್ಪನ ಹೆಸರು ಸೇರಿಸೋದು ವಾಡಿಕೆ. ಡಂಗುರದೋನು, "ಯಾರ ಮಗ ಯಾರು ಅಂತ ಸಾರಲಿ?" ಅಂತ ಕೇಳ್ದ. ರಾಜ ಆಸೆಯಿಂದ ಕತ್ತೆತ್ತಿದ.

"ರಾಗ್ನಾಳ ಮಗ ಅಸ್ಲಾಕ ಅಂತ ಸಾರಪ್ಪಾ!" ಅಂದ ಅಸ್ಲಾಕ.

ರಾಜನಾಗಿ ಆಳಿದ್ದೂ ಅದೇ ಹೆಸರಲ್ಲೇ ಅಂತೆ. ಅವರ ಗಂಜಿ ಅವರು ಉಂಡ್ರು, ನಮ್ಮ ಮುದ್ದೆ ನಾವು ಉಣ್ಣೋಣ, ಏಳ್ರಪ್ಪಾ.