ಕಂಬ ಓದುವ ನಾಯಿ

ಬೀದಿನಾಯಿಯೊಂದು ದಿನವೂ ಬೆಳಿಗ್ಗೆ ಅದೇ ದೀಪದ ಕಂಬವನ್ನು ಮೂಸಿ ಮೂಸಿ ಓದುತ್ತಿತ್ತು. ತಂತಿಯ ಮೇಲಿದ್ದ ಕಾಗೆ ಕೇಳಿತು:

"ನಿನ್ನೆಯೂ ಇದನ್ನೇ ಓದಿದೆಯಲ್ಲಯ್ಯಾ. ಇದರಲ್ಲಿ ಕಥೆಯಾದರೂ ಏನಿದೆ?"

"ಕಥೆ ಏನೂ ಇಲ್ಲ. ನನ್ನ ಗೆಳೆಯ ಗಿಡ್ಡ ಇದ್ದಾನೆ. ತಾನು ಭಾರಿ ಆಳು ಎಂದು ಊರು ನಂಬಲಿ ಅಂತ ಎಗರಿ ಎಗರಿ ಮೇಲಕ್ಕೆ ಉಚ್ಚೆ ಹೊಯ್ಯುತ್ತಿದ್ದ. ಅರ್ಧ ಅವನ ಮೇಲೆಯೇ ಬೀಳುತ್ತಿತ್ತು."

"ಅವನು ಸತ್ತು ಮೂರು ತಿಂಗಳಾಯಿತು. ಬಾಯಿಪಾಠವಾಗಿರುವುದನ್ನು ಮತ್ತೆ ಏಕೆ ಓದುತ್ತೀಯ? ಮುಂದಿನ ಬೀದಿಯಲ್ಲಿ ಬೇರೆ ಕಂಬಗಳಿವೆ."

"ಅಲ್ಲಿ ಮೊದಲು ಕೂದಲು ನಿಮಿರಿಸಿ ಗುರ್ ಎನ್ನಬೇಕು. ಇಲ್ಲಿ ಬಾಲ ತಾನಾಗಿಯೇ ಅಲ್ಲಾಡುತ್ತದೆ."

ಮಧ್ಯಾಹ್ನ ಒಬ್ಬ ಬಂದು ಕಂಬಕ್ಕೆ ಬುಡದಿಂದ ತುದಿಯವರೆಗೆ ಬಣ್ಣ ಬಳಿದು ಹೋದ. ನಾಯಿ ಮೂಸಿತು. ಗಿಡ್ಡ ಇರಲಿಲ್ಲ.

"ಮುಗಿಯಿತಲ್ಲ, ಇನ್ನಾದರೂ ಹೊಸದನ್ನು ಓದು," ಎಂದಿತು ಕಾಗೆ.

ನಾಯಿ ಬಣ್ಣ ಒಣಗುವವರೆಗೆ ಕಾದಿತು. ಆಮೇಲೆ ಕಾಲೆತ್ತಿ, ಎಗರಿ, ಹೊಯ್ದಿತು. ಅರ್ಧ ಅದರ ಮೈಮೇಲೆಯೇ ಬಿತ್ತು.

"ಎತ್ತರದವನು ನೀನು. ನಿಂತು ಹೊಯ್ದರೂ ಅಲ್ಲಿಗೆ ತಲುಪುತ್ತದೆ. ಎಗರುವುದೇಕೆ?"

"ಎಗರದಿದ್ದರೆ ಅದು ಗಿಡ್ಡ ಆಗುವುದಿಲ್ಲ," ಎಂದು ನಾಯಿ ಮತ್ತೊಮ್ಮೆ ಎಗರಿತು.